ಕಡಲ ಊರಿನ ಅತಿಥಿ

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ಮಾತು. ಈ ಮಾತನ್ನು ಎಲ್ಲರೂ ಬಲ್ಲರು. ಆದರೆ ಸುತ್ತುವ ದೇಶವನ್ನೂ ಕೋಶದಂತೆಯೇ ಓದಬೇಕೆಂಬುದನ್ನು ಮರೆಯುವವರೇ ಹೆಚ್ಚು. ಕಾಡಿಗೆ ಒಂದು ಲಿಪಿಯುಂಟು, ನದಿಗೆ ಒಂದು ಲಿಪಿಯುಂಟು. ಕಡಲಿಗೂ ತನ್ನದೇ ಆದ ಲಿಪಿಯುಂಟು. ಬಯಲುಸೀಮೆಯಿಂದ ಮೊದಲ ಬಾರಿಗೆ ಕಡಲ ದಂಡೆಗೆ ಬಂದು ನಿಂತವನಿಗೆ ಕಾಣುವುದು ನೀರಿನ ವಿಸ್ತಾರ, ತೆರೆಗಳ ಆಟ, ಮರಳಿನ ಹಾಸು ಇಷ್ಟೆ. ಅದೇ ದಂಡೆಯಲ್ಲಿ ಹುಟ್ಟಿ ಬೆಳೆದವನಿಗಾದರೋ ನೀರಿನ ಬಣ್ಣ, ಗಾಳಿಯ ದಿಕ್ಕು, ತೆರೆ ಮುರಿಯುವ ಬಗೆ ಇವು ಒಂದೊಂದೂ ಒಂದೊಂದು ಅಕ್ಷರ. ಈ ಅಕ್ಷರಗಳನ್ನು ಬಲ್ಲವರನ್ನು ಕೇಳಿ ತಿಳಿದ ಪ್ರವಾಸಿಗೆ ಕಡಲು ಆನಂದವನ್ನು ನೀಡುತ್ತದೆ. ಕೇಳದೆ ನುಗ್ಗಿದವನಿಗೆ ಅದೇ ಕಡಲು ಅಪಾಯವನ್ನು ತಂದೊಡ್ಡುತ್ತದೆ. ಉತ್ತರ ಕನ್ನಡ ಜಿಲ್ಲೆಯ ಮುಖ್ಯಪಟ್ಟಣವಾದ ಕಾರವಾರವನ್ನು ನೋಡಹೋಗುವವರು ಮೊದಲು ಮನಗಾಣಬೇಕಾದ ಸಂಗತಿ ಇದು.

ಕಾರವಾರವು ಕರ್ನಾಟಕದ ಕರಾವಳಿಯ ಉತ್ತರದ ತುದಿಯಲ್ಲಿ, ಕಾಳಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಸ್ಥಳದಲ್ಲಿದೆ. ಪೂರ್ವಕ್ಕೆ ಸಹ್ಯಾದ್ರಿಯ ಹಸಿರು ಗೋಡೆ, ಪಶ್ಚಿಮಕ್ಕೆ ಅರ್ಧಚಂದ್ರಾಕಾರದ ಕೊಲ್ಲಿ, ಕೊಲ್ಲಿಯಾಚೆ ಅಲ್ಲಲ್ಲಿ ತಲೆಯೆತ್ತಿ ನಿಂತ ನಡುಗಡ್ಡೆಗಳು. ಹುಬ್ಬಳ್ಳಿಯ ಕಡೆಯಿಂದ ಬರುವವರು ಯಲ್ಲಾಪುರವನ್ನು ದಾಟಿ, ಅರಬೈಲ್ ಘಟ್ಟವನ್ನಿಳಿದು, ಅಂಕೋಲೆಯ ಮಾರ್ಗವಾಗಿ ಸುಮಾರು 165 ಕಿಲೋಮೀಟರ್ ಪಯಣಿಸಿ ಈ ಊರನ್ನು ತಲುಪುತ್ತಾರೆ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣಗೊಂಡ ಮೇಲೆ ಮಂಗಳೂರು, ಗೋವಾ, ಮುಂಬಯಿಗಳಿಂದ ಬರುವವರಿಗೆ ಹಾದಿ ಸುಗಮವಾಯಿತು. ಆದರೆ ರೈಲು ನಿಲ್ದಾಣವಿರುವುದು ಊರಿನೊಳಗಲ್ಲ, ಕೆಲವು ಕಿಲೋಮೀಟರ್ ದೂರದ ಶಿರವಾಡದಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಬಂದಿಳಿಯುವವರು ಊರಿಗೆ ಹೋಗುವ ವಾಹನದ ವಿಚಾರವನ್ನು ಮೊದಲೇ ಯೋಚಿಸಿರುವುದು ಒಳ್ಳೆಯದು.

ಎಂದು ಹೋಗಬೇಕೆಂಬುದೂ ಎಲ್ಲಿಗೆ ಹೋಗಬೇಕೆಂಬುದರಷ್ಟೇ ಮುಖ್ಯ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ; ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳದೇ. ಆ ಕಾಲದಲ್ಲಿ ಕಡಲು ಕೆಂಪಾಗಿ ಕದಡಿ ದಂಡೆಯನ್ನೇ ಕೊರೆಯುತ್ತದೆ. ಘಟ್ಟದ ರಸ್ತೆಗಳ ಮೇಲೆ ಮಣ್ಣು ಜರಿಯುತ್ತದೆ. 2024ರ ಜುಲೈ ತಿಂಗಳಿನಲ್ಲಿ ಅಂಕೋಲೆಯ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯಲ್ಲಿದ್ದವರು ಪ್ರಾಣ ಕಳೆದುಕೊಂಡ ದುರಂತವು ಜಿಲ್ಲೆಯ ಜನರ ಮನಸ್ಸಿನಿಂದ ಮಾಸಿಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲವು ಕಾರವಾರವನ್ನು ನೋಡಲು ಪ್ರಶಸ್ತವಾದುದು. ಆಗ ಗಾಳಿ ಹಿತವಾಗಿರುತ್ತದೆ. ಕಡಲು ಮಳೆಗಾಲದ ರೋಷವನ್ನು ಕಳೆದುಕೊಂಡಿರುತ್ತದೆ.

ಈ ಕೊಲ್ಲಿಯ ಸೊಬಗನ್ನು ಕಂಡು ಮಾರುಹೋದವರಲ್ಲಿ ರವೀಂದ್ರನಾಥ ಠಾಕೂರರು ಅಗ್ರಗಣ್ಯರು. ಭಾರತೀಯರಲ್ಲಿ ಮೊತ್ತಮೊದಲಿಗೆ ಐ.ಸಿ.ಎಸ್. ಪದವಿಗೇರಿದ ಅವರ ಅಣ್ಣ ಸತ್ಯೇಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದರು. ಅಣ್ಣನ ಮನೆಗೆ 1883ರಲ್ಲಿ ಬಂದಾಗ ರವೀಂದ್ರರಿಗೆ ಸುಮಾರು ಇಪ್ಪತ್ತೆರಡರ ಹರೆಯ. ಬೆಟ್ಟಗಳ ನಡುವಣ ಈ ಏಕಾಂತ ಬಂದರು, ಗಾಳಿಮರಗಳ ತೋಪು, ಬೆಳದಿಂಗಳಿನಲ್ಲಿ ಕಾಳಿ ನದಿಯ ಮೇಲೆ ನಡೆಸಿದ ದೋಣಿಯಾನ ಇವುಗಳನ್ನು ಅವರು ಮುಂದೆ ತಮ್ಮ ಆತ್ಮಕಥನದಲ್ಲಿ ಅಕ್ಕರೆಯಿಂದ ನೆನೆದಿದ್ದಾರೆ. ಲೋಕದ ಬಂಧಗಳನ್ನೆಲ್ಲ ಹರಿದೊಗೆದ ಸನ್ಯಾಸಿಯೊಬ್ಬನನ್ನು ಒಬ್ಬ ಪುಟ್ಟ ಬಾಲಕಿಯ ಪ್ರೀತಿಯು ಮರಳಿ ಲೋಕದತ್ತ ಎಳೆಯುವ ‘ಪ್ರಕೃತಿಯ ಪ್ರತಿಶೋಧ’ ಎಂಬ ನಾಟಕವನ್ನು ಅವರು ರಚಿಸಿದ್ದು ಇಲ್ಲಿಯೇ. ಊರಿನ ಕಡಲತೀರವು ಈಗ ಅವರ ಹೆಸರನ್ನೇ ಹೊತ್ತಿದೆ. ರವೀಂದ್ರರು ಅವಸರದಿಂದ ಬಂದು ಹೋದವರಲ್ಲ. ಇಲ್ಲಿ ನಿಂತು, ನಡೆದು, ನೋಡಿ, ಆಲಿಸಿದವರು. ಪ್ರವಾಸಿಯಾದವನು ಅವರಿಂದ ಕಲಿಯಬಹುದಾದ ಮೊದಲ ಪಾಠವಿದು.

ಕಾರವಾರದ ನಿಜವಾದ ದರ್ಶನವಾಗುವುದು ಮುಂಜಾನೆಯಲ್ಲಿ. ಸೂರ್ಯಾಸ್ತವನ್ನು ನೋಡಲು ಬರುವವರು ನೂರಾರು ಮಂದಿ. ಬೆಳಗಿನ ದಂಡೆಯನ್ನು ಕಾಣುವವರು ಕೆಲವರು ಮಾತ್ರ. ರಾತ್ರಿಯಲ್ಲಿ ನೆಲವು ಬೇಗನೆ ತಣ್ಣಗಾಗುವುದರಿಂದ ಗಾಳಿಯು ನೆಲದಿಂದ ಕಡಲಿನತ್ತ ಬೀಸುತ್ತದೆ. ಹಗಲಿನಲ್ಲಿ ನೆಲ ಕಾದಂತೆ ಗಾಳಿಯು ಕಡಲಿನಿಂದ ನೆಲದತ್ತ ತಿರುಗುತ್ತದೆ. ಹಾಯಿದೋಣಿಗಳ ಕಾಲದಲ್ಲಿ ಮೀನುಗಾರರು ನಸುಕಿನ ನೆಲಗಾಳಿಯನ್ನು ಹಿಡಿದು ಕಡಲಿಗಿಳಿದು, ಮಧ್ಯಾಹ್ನದ ಕಡಲಗಾಳಿಯನ್ನು ನಂಬಿ ಮನೆಗೆ ಮರಳುತ್ತಿದ್ದರು. ಇಂದು ದೋಣಿಗಳಿಗೆ ಯಂತ್ರಗಳು ಬಂದಿವೆ. ಆದರೂ ದಂಡೆಗೆ ಬಂದೊಡನೆ ಮೊದಲು ಗಾಳಿಯ ಕಡೆಗೆ ಮುಖವೊಡ್ಡಿ ನಿಲ್ಲುವ ಅಭ್ಯಾಸ ಹಿರಿಯ ಮೀನುಗಾರರನ್ನು ಬಿಟ್ಟಿಲ್ಲ.

ಒಂದು ಕಾಲಕ್ಕೆ ಈ ತೀರದಲ್ಲಿ ರಾಂಪಣಿ ಬಲೆಯದೇ ವೈಭವ. ದೋಣಿಯಲ್ಲಿ ಬಲೆಯನ್ನೊಯ್ದು ಕಡಲಿನಲ್ಲಿ ಅರ್ಧವೃತ್ತವಾಗಿ ಬಿಟ್ಟು, ಅದರ ಎರಡು ತುದಿಗಳನ್ನು ಹತ್ತಾರು ಮಂದಿ ದಂಡೆಯ ಮೇಲೆ ನಿಂತು ಎಳೆಯುತ್ತಿದ್ದರು. ಬಲೆ ಊರಿನದು, ದುಡಿಮೆ ಎಲ್ಲರದು, ಬಂದ ಮೀನಿನಲ್ಲಿ ಎಲ್ಲರಿಗೂ ಪಾಲು. 1970ರ ದಶಕದಲ್ಲಿ ಯಾಂತ್ರಿಕ ದೋಣಿಗಳ ದೊಡ್ಡ ಬಲೆಗಳು ಬಂದ ಮೇಲೆ ಬಂಗಡೆ, ತಾರ್ಲೆಗಳ ಹಿಂಡುಗಳು ದಂಡೆಗೆ ಬರುವ ಮುನ್ನವೇ ಹಿಡಿಯಲ್ಪಟ್ಟು, ರಾಂಪಣಿಯು ಹಿಂದೆ ಸರಿಯಿತು. ಅದರ ತಮ್ಮನಂತಿರುವ ಯೆಂಡಿ ಬಲೆಯನ್ನು ಎಳೆಯುವ ದೃಶ್ಯವನ್ನು ಮಾತ್ರ ಇಂದಿಗೂ ಕಾಣಬಹುದು. ಅಂಥ ಹೊತ್ತಿನಲ್ಲಿ ಪ್ರವಾಸಿಯು ದೂರ ನಿಂತು ನೋಡಬೇಕು. ಒಣಹಾಕಿದ ಬಲೆಯನ್ನು ತುಳಿಯುವುದು, ಕೇಳದೆ ದೋಣಿಯನ್ನೇರಿ ಕುಳಿತು ಚಿತ್ರ ತೆಗೆಯಿಸಿಕೊಳ್ಳುವುದು ಸಲ್ಲದು. ನೇಗಿಲು ರೈತನಿಗೆ ಹೇಗೋ ಬಲೆ ಮೀನುಗಾರನಿಗೆ ಹಾಗೆ. ಬದಲಾಗಿ, ‘ಹಗ್ಗಕ್ಕೆ ಕೈಕೊಡಲೇ?’ ಎಂದು ಕೇಳಿದವನಿಗೆ ಅಲ್ಲಿ ಸ್ನೇಹವೂ ದೊರೆತೀತು, ಕಡಲಿನ ಪಾಠವೂ ದೊರೆತೀತು.

ಮೀನುಪೇಟೆಯಲ್ಲಿ ಮಾರಾಟದ ಭಾರವನ್ನೆಲ್ಲ ಹೊತ್ತಿರುವವರು ಹೆಂಗಸರು. ಬಂಗಡೆ, ಇಸವಾಣ, ಸಿಗಡಿಗಳ ಬುಟ್ಟಿಗಳ ಮುಂದೆ ಕುಳಿತ ಅವರು ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಲೀಲಾಜಾಲವಾಗಿ ವ್ಯವಹರಿಸುತ್ತಾರೆ. ‘ಅಕ್ಕಾ, ಇಂದಿನ ಮೀನು ಯಾವುದು?’ ಎಂದು ವಿನಯದಿಂದ ಕೇಳಿದವನಿಗೆ ಒಳ್ಳೆಯ ಮೀನನ್ನು ಅವರೇ ತೋರಿಸಿಕೊಡುತ್ತಾರೆ. ಕಣ್ಣು ತಿಳಿಯಾಗಿದ್ದು, ಕಿವಿರು ಕೆಂಪಾಗಿದ್ದು, ಬೆರಳಿನಿಂದ ಒತ್ತಿದರೆ ಮೈ ಮತ್ತೆ ಉಬ್ಬುವಂತಿದ್ದರೆ ಅದು ಹೊಸ ಮೀನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧವಿರುತ್ತದೆ. ಅದು ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ. ಆ ದಿನಗಳಲ್ಲಿ ಬಂದು, ಬಯಸಿದ ಮೀನು ದೊರೆಯಲಿಲ್ಲವೆಂದು ಸಿಡುಕುವ ಪ್ರವಾಸಿಯು, ಬಿತ್ತನೆಯ ಕಾಲದಲ್ಲಿ ಸುಗ್ಗಿಯನ್ನು ಕೇಳಿದವನಂತಾಗುತ್ತಾನೆ. ಶ್ರಾವಣದ ನೂಲಹುಣ್ಣಿಮೆಯಂದು ಮೀನುಗಾರರು ಕಡಲಿಗೆ ತೆಂಗಿನಕಾಯಿಯನ್ನರ್ಪಿಸಿ ಪೂಜಿಸುತ್ತಾರೆ. ಮೀನುಣ್ಣದವರಿಗೂ ಈ ಊರಿನಲ್ಲಿ ಕೊರತೆಯಿಲ್ಲ. ಕುಚ್ಚಲಕ್ಕಿಯ ಅನ್ನ, ಮುರುಗಲಿನ ಹುಳಿಗೆ ತೆಂಗಿನ ಹಾಲನ್ನು ಬೆರೆಸಿದ ಸೋಲಕಡಿ, ಇವು ಕರಾವಳಿಯ ಬಿಸಿಲಿಗೆ ತಕ್ಕ ಆಹಾರ.

ಇನ್ನು ಪ್ರವಾಸಿಯು ಎಲ್ಲಕ್ಕಿಂತ ಹೆಚ್ಚಾಗಿ ಅರಿಯಬೇಕಾದುದು ನೀರಿನ ನಡೆಯನ್ನು. ಕಡಲು ದಿನಕ್ಕೆ ಸಾಮಾನ್ಯವಾಗಿ ಎರಡು ಬಾರಿ ಉಬ್ಬಿ ಎರಡು ಬಾರಿ ಇಳಿಯುತ್ತದೆ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಆದುದರಿಂದ ಇಂದಿನ ಉಬ್ಬರದ ವೇಳೆಯು ನಾಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸಮಯದಲ್ಲಿ ಸೂರ್ಯ ಚಂದ್ರರ ಆಕರ್ಷಣೆಗಳು ಒಂದಾಗಿ ಉಬ್ಬರವೂ ಇಳಿತವೂ ಹೆಚ್ಚಾಗಿರುತ್ತವೆ. ಇಳಿತದಲ್ಲಿ ನಡೆದುಹೋದ ಬಂಡೆಯು ಉಬ್ಬರದಲ್ಲಿ ನಡುಗಡ್ಡೆಯಾಗಬಹುದು. ಊರಿನ ಉತ್ತರಕ್ಕೆ ಕೋಡಿಬಾಗದ ಬಳಿ ಕಾಳಿಯು ಕಡಲನ್ನು ಸೇರುವಲ್ಲಿ ಇಳಿತದ ಹೊತ್ತಿಗೆ ನದಿಯ ರಭಸವೂ ಕಡಲಿನ ಸೆಳೆತವೂ ಕೂಡಿ, ನೀರು ಬಲವಾಗಿ ಹೊರಕ್ಕೆ ಹರಿಯುತ್ತದೆ. ಮೇಲ್ನೋಟಕ್ಕೆ ಶಾಂತವಾಗಿರುವ ಆ ಅಳಿವೆಯು ಈಜುವ ಸ್ಥಳವಲ್ಲ.

ಇದಕ್ಕಿಂತಲೂ ಮೋಸಗೊಳಿಸುವುದು ದಂಡೆಯ ಸೆಳವು. ತೆರೆಗಳು ದಂಡೆಗೆ ತಂದು ಸುರಿದ ನೀರು ಹೇಗಾದರೂ ಹಿಂದಿರುಗಲೇಬೇಕಷ್ಟೆ. ಅದು ಮರಳುದಿಣ್ಣೆಗಳ ನಡುವಣ ಇಕ್ಕಟ್ಟಾದ ತಗ್ಗನ್ನು ಹುಡುಕಿಕೊಂಡು ನದಿಯಂತೆ ಹೊರಕ್ಕೆ ಧಾವಿಸುತ್ತದೆ. ಅಕ್ಕಪಕ್ಕದಲ್ಲಿ ತೆರೆಗಳು ಬೆಳ್ಳನೆ ಮುರಿಯುತ್ತಿರುವಾಗ, ನಡುವೆ ತೆರೆಯೇ ಇಲ್ಲದ ಒಂದು ಪಟ್ಟಿ ಕಾಣುತ್ತದೆ. ಅಲ್ಲಿ ನೀರಿನ ಬಣ್ಣ ಕಪ್ಪಾಗಿರಬಹುದು, ಇಲ್ಲವೆ ಮರಳು ಕದಡಿ ಕಂದಾಗಿರಬಹುದು. ಹೊಸಬನು ‘ಇಲ್ಲಿ ತೆರೆಯಿಲ್ಲ, ಇಲ್ಲಿಯೇ ಇಳಿಯೋಣ’ ಎಂದುಕೊಳ್ಳುತ್ತಾನೆ. ಊರವನು ‘ಅಲ್ಲಿ ತೆರೆಯಿಲ್ಲ, ಆದುದರಿಂದ ಅಲ್ಲಿ ಇಳಿಯಬಾರದು’ ಎನ್ನುತ್ತಾನೆ. ಈ ಎರಡು ಮಾತುಗಳ ನಡುವೆ ಇರುವುದು ಜೀವ ಮರಣಗಳ ಅಂತರ.

ಸೆಳವಿಗೆ ಎದುರಾಗಿ ಈಜಿ ನುರಿತ ಈಜುಗಾರನೂ ದಣಿಯುತ್ತಾನೆ, ದಣಿದವನು ಮುಳುಗುತ್ತಾನೆ. ಸೆಳವು ಮನುಷ್ಯನನ್ನು ದೂರಕ್ಕೆ ಒಯ್ಯುತ್ತದೆಯೇ ಹೊರತು ತಳಕ್ಕೆ ಎಳೆಯುವುದಿಲ್ಲ. ಆದುದರಿಂದ ಅದಕ್ಕೆ ಸಿಲುಕಿದವನು ಧೈರ್ಯಗೆಡದೆ ಮೊದಲು ತೇಲಲು ಯತ್ನಿಸಬೇಕು. ಕೈಯೆತ್ತಿ ನೆರವನ್ನು ಕೇಳಬೇಕು. ಬಲವಿದ್ದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವನ್ನು ದಾಟಿದ ಬಳಿಕ ತೆರೆಗಳೊಡನೆ ದಂಡೆಯತ್ತ ಬರಬೇಕು. ದಂಡೆಯ ಮೇಲಿದ್ದವರು ಗಾಬರಿಯಿಂದ ಒಬ್ಬರ ಹಿಂದೊಬ್ಬರು ನೀರಿಗೆ ಹಾರಬಾರದು. ಹಗ್ಗವನ್ನೋ, ಮುಚ್ಚಳ ಬಿಗಿದ ಖಾಲಿ ಡಬ್ಬಿಯನ್ನೋ, ತೇಲುವ ಬೇರಾವುದಾದರೂ ವಸ್ತುವನ್ನೋ ಎಸೆದು, ಜೀವರಕ್ಷಕರನ್ನೂ ಮೀನುಗಾರರನ್ನೂ ಕೂಗಬೇಕು. 112ಕ್ಕೆ ದೂರವಾಣಿ ಮಾಡಬೇಕು.

2024ರ ಡಿಸೆಂಬರ್ ತಿಂಗಳಿನಲ್ಲಿ ಇದೇ ಜಿಲ್ಲೆಯ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆಂದು ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರು ಬಯಲುಸೀಮೆಯ ಮಕ್ಕಳು. ಕಡಲನ್ನು ನೋಡಬೇಕೆಂಬ ಆಸೆಯಿಂದ ನೂರಾರು ಮೈಲಿ ದೂರದಿಂದ ಬಂದವರು ಮನೆಗೆ ಮರಳಲಿಲ್ಲ. ಆಸೆ ತಪ್ಪಲ್ಲ, ನೀರಿಗಿಳಿಯುವ ಸಂಭ್ರಮವೂ ತಪ್ಪಲ್ಲ. ಆದರೆ ಕೆರೆಯ ನೀರು ನಿಂತ ನೀರು, ಕಡಲಿನ ನೀರು ನಡೆಯುವ ನೀರು. ಕೆರೆಯಲ್ಲಿ ಮೊಣಕಾಲುದ್ದದ ನೀರು ಮೊಣಕಾಲುದ್ದವೇ ಆಗಿರುತ್ತದೆ. ಕಡಲಿನಲ್ಲಿ ಮುಂದಿನ ತೆರೆಯೊಡನೆ ಅದು ಎದೆಯುದ್ದವಾಗಬಹುದು, ಕಾಲಡಿಯ ಮರಳೇ ಸರಿದುಹೋಗಬಹುದು. ‘ಇಂದು ಇಳಿಯಬೇಡಿ’ ಎಂದು ದಂಡೆಯಲ್ಲಿ ಎಚ್ಚರಿಸುವವನು ಸಂತೋಷವನ್ನು ಕೆಡಿಸುವವನಲ್ಲ, ಸಂತೋಷದಿಂದ ಮನೆಗೆ ಕಳುಹಿಸುವವನು.

ದೋಣಿಯನ್ನೇರುವಾಗಲೂ ಇದೇ ವಿವೇಕ ಬೇಕು. ಕಾರವಾರದೆದುರಿನ ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹ ದೇವರ ಗುಡಿಯಿದೆ. ಪುಷ್ಯ ಮಾಸದ ಹುಣ್ಣಿಮೆಯಂದು ಅಲ್ಲಿ ಜಾತ್ರೆ ಜರುಗುತ್ತದೆ. ಭಕ್ತರು ದೋಣಿಗಳಲ್ಲಿ ಹೋಗಿ ಬರುತ್ತಾರೆ. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಮಡಿದರು. ದೋಣಿಯಲ್ಲಿ ಮಿತಿಮೀರಿದ ಜನರಿದ್ದರೆಂದು ಆಗ ವರದಿಯಾಯಿತು. ದೋಣಿಯ ಅಂಚು ನೀರಿಗೆ ತೀರ ಸಮೀಪವಾಗಿದ್ದರೆ, ಜೀವರಕ್ಷಕ ಕವಚಗಳು ಎಲ್ಲರಿಗೂ ಇಲ್ಲದಿದ್ದರೆ, ಅಂಥ ದೋಣಿಯನ್ನು ಹತ್ತದೆ ಮುಂದಿನದಕ್ಕೆ ಕಾಯುವುದೇ ಜಾಣತನ. ಕವಚವನ್ನು ಕೈಯಲ್ಲಿ ಹಿಡಿದು ಕೂತರೆ ಪ್ರಯೋಜನವಿಲ್ಲ. ಅದನ್ನು ಮೈಗೆ ಬಿಗಿದುಕೊಳ್ಳಬೇಕು. ದೋಣಿಯಲ್ಲಿ ಎದ್ದು ನಿಲ್ಲುವುದು, ಡಾಲ್ಫಿನ್ ಕಂಡೊಡನೆ ಎಲ್ಲರೂ ಒಂದೇ ಕಡೆಗೆ ಬಾಗುವುದು ಇವು ದೋಣಿ ನಡೆಸುವವನನ್ನು ಸಂಕಟಕ್ಕೀಡುಮಾಡುತ್ತವೆ.

ಕಾಳಿ ನದಿಯ ಉತ್ತರ ದಡದಲ್ಲಿ, ಸೋಂದೆಯ ಅರಸರು ಕಟ್ಟಿಸಿದ ಸದಾಶಿವಗಡದ ಕೋಟೆಯಿದೆ. ಆ ಗುಡ್ಡದ ಮೇಲಿನಿಂದ ನದಿ, ಕಡಲು, ಊರು ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಕೆಳಗೆ ನದಿಯನ್ನು ದಾಟುವಲ್ಲಿದ್ದ, ಸುಮಾರು 40 ವರ್ಷ ಹಳೆಯದಾದ ಸೇತುವೆಯು 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಕುಸಿದುಬಿತ್ತು. ಅದರ ಮೇಲೆ ಸಾಗುತ್ತಿದ್ದ ಲಾರಿಯೊಂದು ನದಿಗೆ ಉರುಳಿತು. ಮಳೆಗಾಲದ ಆ ಕತ್ತಲೆಯಲ್ಲಿ ಪೊಲೀಸರೊಡನೆ ಕೈಜೋಡಿಸಿ, ತಮ್ಮ ದೋಣಿಗಳನ್ನು ನೀರಿಗಿಳಿಸಿ, ಪರನಾಡಿನ ಆ ಚಾಲಕನನ್ನು ಬದುಕಿಸಿದವರು ಸ್ಥಳೀಯ ಮೀನುಗಾರರು. ಬಂದವನು ಯಾರೆಂದು ಅವರು ವಿಚಾರಿಸಲಿಲ್ಲ. ನೀರಿನಲ್ಲಿ ಒಂದು ಜೀವವಿದೆಯೆಂಬುದಷ್ಟೇ ಅವರಿಗೆ ಸಾಕಾಗಿತ್ತು. ಇಂಥ ಜನರ ಮಾತನ್ನು ಪ್ರವಾಸಿಯು ಕಿವಿಗೊಟ್ಟು ಕೇಳದಿದ್ದರೆ ಇನ್ನಾರ ಮಾತನ್ನು ಕೇಳಿಯಾನು?

ಅತಿಥಿಗೆ ಹಕ್ಕುಗಳಿರುವಂತೆ ಹೊಣೆಗಳೂ ಉಂಟು. ಕಾರವಾರದ ದಕ್ಷಿಣಕ್ಕಿರುವ ಕದಂಬ ನೌಕಾನೆಲೆಯು 2005ರಲ್ಲಿ ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗಾಗಿ ಹಲವು ಹಳ್ಳಿಗಳ ಜನರು ತಮ್ಮ ಮನೆ, ಹೊಲ, ದಂಡೆಗಳನ್ನು ಬಿಟ್ಟುಕೊಟ್ಟರು. ಆ ಪ್ರದೇಶದೊಳಗೆ ಅಪ್ಪಣೆಯಿಲ್ಲದೆ ಕಾಲಿಡುವುದೂ ಚಿತ್ರ ತೆಗೆಯುವುದೂ ನಿಷಿದ್ಧ. ನೌಕೆಗಳನ್ನು ಹತ್ತಿರದಿಂದ ನೋಡಬಯಸುವವರಿಗಾಗಿ, ಸೇವೆಯಿಂದ ನಿವೃತ್ತವಾದ ‘ಚಪಲ’ ಎಂಬ ಕ್ಷಿಪಣಿ ನೌಕೆಯನ್ನು ಠಾಕೂರರ ಹೆಸರಿನ ತೀರದಲ್ಲಿಯೇ ವಸ್ತುಸಂಗ್ರಹಾಲಯವನ್ನಾಗಿ ಇರಿಸಲಾಗಿದೆ.

ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಈ ತೀರಗಳಿಗೆ ಬಂದು ಮರಳಿನಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತವೆ. ಸುಮಾರು ಏಳೆಂಟು ವಾರಗಳ ತರುವಾಯ ಹೊರಬರುವ ಮರಿಗಳು ಕಡಲಿನ ಮೇಲಣ ಬೆಳಕನ್ನೇ ಗುರುತಾಗಿಟ್ಟುಕೊಂಡು ನೀರಿನತ್ತ ನಡೆಯುತ್ತವೆ. ದಂಡೆಯ ಮೇಲೆ ದೀಪಗಳು ಉರಿಯುತ್ತಿದ್ದರೆ ಅವು ದಾರಿತಪ್ಪಿ ನೆಲದ ಕಡೆಗೆ ಹೋಗಿ ಸಾಯುತ್ತವೆ. ರಾತ್ರಿಯ ದಂಡೆಯಲ್ಲಿ ಬೆಂಕಿಯೆಬ್ಬಿಸಿ ಗದ್ದಲ ಮಾಡುವವರು ಈ ಸಂಗತಿಯನ್ನು ತಿಳಿದಿದ್ದರೆ ಬಹುಶಃ ಹಾಗೆ ಮಾಡುತ್ತಿರಲಿಲ್ಲ. ಕಾಳಿಯ ಹಿನ್ನೀರಿನಲ್ಲಿ ಬೇರುಗಳನ್ನು ಮೇಲೆತ್ತಿ ನಿಂತಿರುವ ಕಾಂಡ್ಲಾ ಕಾಡು ಮೀನು ಸಿಗಡಿಗಳ ಮರಿಗಳಿಗೆ ತೊಟ್ಟಿಲು. ಅಲ್ಲಿ ಎಸೆದ ಒಂದು ಪ್ಲಾಸ್ಟಿಕ್ ಚೀಲವು ಇಂದಿಲ್ಲ ನಾಳೆ ಯಾವುದಾದರೂ ಬಲೆಗೆ ಮೀನಿನ ಬದಲು ಬಂದು ಸೇರುತ್ತದೆ. ತಂದ ತಿಂಡಿಯ ಪೊಟ್ಟಣವನ್ನು ಹೊರಲು ಬಲವಿದ್ದ ಕೈಗೆ, ಬರಿದಾದ ಪೊಟ್ಟಣವನ್ನು ಮರಳಿ ಒಯ್ಯುವುದು ಭಾರವಾಗಲಾರದು.

ಸಂಜೆಯಾಗುತ್ತಲೇ ಸೂರ್ಯನು ನಡುಗಡ್ಡೆಗಳ ಆಚೆಗೆ ಜಾರುತ್ತಾನೆ. ಗಾಳಿಮರಗಳ ಸದ್ದಿಗೆ ತೆರೆಗಳ ಸದ್ದು ಬೆರೆಯುತ್ತದೆ. ಪ್ರವಾಸಿಗಳು ಒಬ್ಬೊಬ್ಬರಾಗಿ ಎದ್ದು ಮರಳಿನ ಮೇಲೆ ತಮ್ಮ ಹೆಜ್ಜೆಗಳನ್ನು ಬಿಟ್ಟು ಹೊರಡುತ್ತಾರೆ. ರಾತ್ರಿಯ ಉಬ್ಬರವು ಅವನ್ನು ಅಳಿಸುತ್ತದೆ. ಹೆಜ್ಜೆಗಳಲ್ಲದೆ ಬೇರೇನನ್ನೂ ದಂಡೆಯ ಮೇಲೆ ಬಿಡದವನು ಒಳ್ಳೆಯ ಅತಿಥಿ. ಮರುದಿನ ನಸುಕಿನಲ್ಲಿ ಬಲೆ ಹೊತ್ತು ಬರುವವರಿಗೆ ದಂಡೆಯು ಹಿಂದಿನ ದಿನದಂತೆಯೇ ಚೊಕ್ಕಟವಾಗಿ ದೊರೆಯಬೇಕು. ಅತಿಥಿಯೂ ಹೊರಟು ಬಂದಂತೆಯೇ ಕ್ಷೇಮವಾಗಿ ತನ್ನ ಮನೆಯನ್ನು ಸೇರಬೇಕು. ಕೇಳಿ ತಿಳಿಯುವ ವಿನಯವೊಂದಿದ್ದರೆ ಇವೆರಡೂ ಸಾಧ್ಯ.

ಅಭ್ಯಾಸ

ಪದಗಳ ಅರ್ಥ
ಅಳಿವೆ: ನದಿಯು ಕಡಲನ್ನು ಸೇರುವ ಸ್ಥಳ
ಉಬ್ಬರ: ಕಡಲಿನ ನೀರು ಏರುವುದು
ಕಿವಿರು: ಮೀನು ಉಸಿರಾಡುವ ಅಂಗ
ನಸುಕು: ಬೆಳಗಾಗುವ ಮುಂಚಿನ ಹೊತ್ತು
ಪ್ರಶಸ್ತ: ಯೋಗ್ಯವಾದ, ತಕ್ಕುದಾದ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕಾರವಾರವು ಯಾವ ನದಿಯ ದಡದಲ್ಲಿದೆ?
2. ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಯಾವ ವರ್ಷ ಬಂದಿದ್ದರು?
3. ಯಾಂತ್ರಿಕ ದೋಣಿಗಳಿಗೆ ಎಷ್ಟು ದಿನಗಳ ನಿಷೇಧವಿರುತ್ತದೆ? ಏಕೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ರಾಂಪಣಿ ಬಲೆಯ ಮೀನುಗಾರಿಕೆಯ ವಿಶೇಷವೇನು? ಅದು ಏಕೆ ಹಿಂದೆ ಸರಿಯಿತು?
2. ಸೆಳವನ್ನು ಗುರುತಿಸುವುದು ಹೇಗೆ? ಅದಕ್ಕೆ ಸಿಲುಕಿದವನು ಏನು ಮಾಡಬೇಕು?
3. ಕಡಲಾಮೆಯ ಮರಿಗಳು ದಾರಿತಪ್ಪಲು ಕಾರಣವೇನು?

ಇ) ಸಂದರ್ಭದೊಡನೆ ವಿವರಿಸಿರಿ.
1. ‘ಅಲ್ಲಿ ತೆರೆಯಿಲ್ಲ, ಆದುದರಿಂದ ಅಲ್ಲಿ ಇಳಿಯಬಾರದು.’
2. ‘ಕೆರೆಯ ನೀರು ನಿಂತ ನೀರು, ಕಡಲಿನ ನೀರು ನಡೆಯುವ ನೀರು.’

ಈ) ನಿಮ್ಮ ಊರಿಗೆ ಮೊದಲ ಬಾರಿಗೆ ಬರುವ ಅತಿಥಿಯೊಬ್ಬರಿಗೆ ಅಲ್ಲಿನ ಕೆರೆ, ಹೊಳೆ, ಬೆಟ್ಟ ಅಥವಾ ಕಾಡಿನ ಬಗೆಗೆ ನೀವು ಹೇಳಬೇಕಾದ ಎಚ್ಚರಿಕೆಯ ಮಾತುಗಳನ್ನು ಹಿರಿಯರನ್ನು ಕೇಳಿ ಬರೆಯಿರಿ.